ಬೇರೊಂದು ಕಾರಿನ ಕೀಲುಗಳು

ಮದರಾಸಿನಲ್ಲಿ 1960ರ, 70ರ ದಶಕಗಳನ್ನು ಕಳೆದ ನಮ್ಮ ಬಳಗದ ಹಿರಿಯರಿಗೆ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರನ್ನು ಪರಿಚಯಿಸುವ ಅಗತ್ಯವಿಲ್ಲ. ಬ್ರಿಟನ್ನಿನ ಟ್ರಯಂಫ್ ಹೆರಾಲ್ಡ್ ಕಾರು 1961ರಿಂದ ಈ ಊರಿನಲ್ಲಿಯೇ ಸ್ಟ್ಯಾಂಡರ್ಡ್ ಎಂಬ ಹೆಸರಿನಲ್ಲಿ ತಯಾರಾಗುತ್ತಿತ್ತು. ಅಂಬಾಸಡರ್, ಫಿಯಟ್‌ಗಳ ನಡುವೆ ಅದು ಚೂಪು ಮೈಯ, ತುಸು ಜಂಬದ ಕಾರು. ಅದರ ಒಂದು ವಿಶೇಷವನ್ನು ನೋಡಿದವರು ಮರೆತಿರಲಾರರು. ಎಂಜಿನ್ನಿನ ಮುಚ್ಚಳವನ್ನು ಎತ್ತಿದರೆ ಎರಡು ಕಡೆಯ ಮಡ್‌ಗಾರ್ಡುಗಳೂ ದೀಪಗಳೂ ಅದರೊಡನೆಯೇ ಮುಂದಕ್ಕೆ ಮಗುಚಿಕೊಂಡು ಕಾರಿನ ಮುಂಭಾಗವೆಲ್ಲ ಬಟಾಬಯಲಾಗುತ್ತಿತ್ತು. ಮೈಲಾಪುರದಲ್ಲಿ ನಮ್ಮ ಬೀದಿಯ ವೈದ್ಯರೊಬ್ಬರ ಬಳಿ ಅಂಥದೊಂದು ಕಾರಿತ್ತು. ಮೆಕ್ಯಾನಿಕ್ ಬಂದು ಮುಚ್ಚಳ ಎತ್ತಿದಾಗಲೆಲ್ಲ ನಾನು ಅಲ್ಲಿ ಹಾಜರು. ಚಕ್ರವನ್ನು ಹಿಡಿದಿಡುವ ವ್ಯವಸ್ಥೆಯನ್ನು ನಾನು ಮೊದಲು ಕಂಡದ್ದು ಹಾಗೆ: ಮೇಲೊಂದು ಕೆಳಗೊಂದು ತ್ರಿಕೋನದಂಥ ತೋಳು, ಅವೆರಡರ ತುದಿಗಳನ್ನು ಕೂಡಿಸಿ ಲಂಬವಾಗಿ ನಿಂತ ಉಕ್ಕಿನ ತುಂಡು, ಅದರ ಕೆಳತುದಿಯಲ್ಲಿ ತಿರುಪಿನಂತೆ ಕಚ್ಚಿಕೊಂಡ ಕಂಚಿನ ಕೀಲು. ಆ ಕೀಲಿಗೆ ಗ್ರೀಸ್ ಸಲ್ಲದು, ಗೇರ್ ಎಣ್ಣೆಯೇ ಆಗಬೇಕು ಎಂದು ಮೆಕ್ಯಾನಿಕ್ ಪ್ರತಿ ಸಲವೂ ವೈದ್ಯರಿಗೆ ಪಾಠ ಹೇಳುತ್ತಿದ್ದ. ಎಣ್ಣೆ ಕಾಣದೆ ಒಣಗಿದ ಕೀಲು ಬಿಗಿದುಕೊಂಡು, ಒಂದು ದಿನ ಆ ಉಕ್ಕಿನ ತುಂಡೇ ಮುರಿದು, ಚಕ್ರ ಮಡಚಿಕೊಂಡುಬಿಡುತ್ತದೆ. ವೈದ್ಯರು ರೋಗಿಯಂತೆ ತಲೆಯಾಡಿಸುತ್ತಿದ್ದರು.

ಆ ಲಂಬ ತುಂಡಿಗೆ ಇಂಗ್ಲಿಷಿನಲ್ಲಿ ಅಪ್‌ರೈಟ್ ಎನ್ನುತ್ತಾರೆ. ಮುಂದೆ ಮೂವತ್ತೆರಡು ವರ್ಷ ಅದೂ ಅದರ ನೆಂಟರಿಷ್ಟರೂ ನನಗೆ ಅನ್ನ ಕೊಟ್ಟರು. ಚೆನ್ನೈನ ಬಿಡಿಭಾಗಗಳ ಕಾರ್ಖಾನೆಯೊಂದರ ಪರೀಕ್ಷಾ ವಿಭಾಗದಲ್ಲಿ ನನ್ನ ಕೆಲಸ ಸಸ್ಪೆನ್ಷನ್ ಭಾಗಗಳನ್ನು ಮುರಿಯುವವರೆಗೆ ಕುಲುಕಿ ನೋಡುವುದು. ಉದ್ಯೋಗಕ್ಕೆ ಸೇರಿದ ಮೇಲೆಯೇ ನನಗೆ ತಿಳಿದದ್ದು, ವೈದ್ಯರ ಸಾಧು ಕಾರಿನ ಆ ಅಪ್‌ರೈಟ್ ಬೇರೆ ಲೋಕಗಳಲ್ಲೂ ಓಡಾಡಿತ್ತೆಂದು. ಟ್ರಯಂಫ್‌ನವರದೇ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರಿಗೆ ಅದೇ ಮನೆತನದ ತುಂಡು. ಲೋಟಸ್ ಕಂಪನಿಯ ಎಲಾನ್ ಕಾರಿಗೂ ಅದೇ. ಅಂದರೆ ಮೈಲಾಪುರದಲ್ಲಿ ರೋಗಿಗಳ ಮನೆಗೆ ಹೋಗಿಬರುತ್ತಿದ್ದ ಕಾರಿನ ಕೀಲೂ, ಇಂಗ್ಲೆಂಡಿನ ಅತಿ ಚುರುಕಿನ ತಿರುವುಗಾರನೆಂದು ಹೆಸರಾದ ಕಾರಿನ ಕೀಲೂ ದಾಯಾದಿಗಳು.

ಲೋಟಸ್‌ನ ಕಾಲಿನ್ ಚಾಪ್ಮನ್ ಕಟ್ಟಡ ಎಂಜಿನಿಯರಿಂಗ್ ಓದಿದವರು. 1948ರಲ್ಲಿ ಅವರು ಹಳೆಯ ಆಸ್ಟಿನ್ ಸೆವೆನ್ ಕಾರೊಂದನ್ನು ಬಿಚ್ಚಿ ತಮ್ಮ ಮೊದಲ ಕಾರನ್ನು ಕಟ್ಟಿದ್ದು ಗೆಳತಿ ಹೇಜಲ್‌ಳ ತಂದೆತಾಯಿಗಳ ಮನೆಯ ಗ್ಯಾರೇಜಿನಲ್ಲಿ. ಮುಂದೆ ಹೇಜಲ್ ಅವರ ಮಡದಿಯಾದರು. ಭಾವೀ ಮಾವನ ಗ್ಯಾರೇಜಿನಲ್ಲಿ ಒಂದು ಮಹಾ ಸಂಸ್ಥೆಯ ಬೀಜ ಬಿತ್ತು ಎಂಬ ಈ ಸಂಗತಿಗೆ ನಾನು ಮುಂದೆ ಬರುವ ಕಾರಣಗಳಿಂದ ವಿಶೇಷ ಮಹತ್ವ ಕೊಡುತ್ತೇನೆ. 1957ರಲ್ಲಿ ಬಂದ ಲೋಟಸ್ ಸೆವೆನ್ ಕಾರು ಆ ಬೀಜದ ನೇರ ಮೊಳಕೆ: ಉಕ್ಕಿನ ಕೊಳವೆಗಳ ಪಂಜರ, ಎರಡು ಆಸನ, ಹೊರಗೇ ಕಾಣುವ ಚಕ್ರ, ಬಾಗಿಲೇ ಇಲ್ಲ. ಬಿಡಿಬಿಡಿಯಾಗಿ ಕೊಂಡು ಮನೆಯಲ್ಲಿ ಜೋಡಿಸಿಕೊಂಡರೆ ಅಂದಿನ ಮಾರಾಟ ತೆರಿಗೆ ತಪ್ಪುತ್ತಿತ್ತು. ಹಾಗಾಗಿ ಅದು ಕೂಡಿಟ್ಟ ಹಣ ಕಡಿಮೆಯಿದ್ದ ಹುಡುಗರ ಕನಸಾಯಿತು.

ಇಂಥ ಸಣ್ಣ ತಯಾರಕರು ಅಪ್‌ರೈಟನ್ನು ಎರವಲು ತರುವುದು ಸೋಮಾರಿತನದಿಂದಲ್ಲ. ಕೊಳವೆ ಕತ್ತರಿಸಿ ಬೆಸುಗೆ ಹಾಕಿ ತೋಳುಗಳನ್ನು ಯಾವ ಶೆಡ್ಡಿನಲ್ಲಾದರೂ ಮಾಡಬಹುದು. ಅಪ್‌ರೈಟ್ ಹಾಗಲ್ಲ. ಕಾಯಿಸಿದ ಉಕ್ಕನ್ನು ಅಚ್ಚಿನಲ್ಲಿ ಬಡಿದು ಮಾಡಬೇಕು ಇಲ್ಲವೇ ಎರಕ ಹೊಯ್ಯಬೇಕು. ಒಂದು ಅಚ್ಚಿನ ವೆಚ್ಚ ಸಾವಿರಾರು ಕಾರುಗಳ ಮೇಲೆ ಹಂಚಿಹೋದರೆ ಮಾತ್ರ ಕಟ್ಟುಬಡಿ. ಜೊತೆಗೆ ಬೇರಿಂಗು, ಬ್ರೇಕು, ಸ್ಟಿಯರಿಂಗಿನ ತೋಳು ಎಲ್ಲವೂ ಅದರ ಮೇಲೆಯೇ ಕೂರಬೇಕು. ಹತ್ತಿಪ್ಪತ್ತು ಲಕ್ಷ ಕಿಲೋಮೀಟರು ಬೇರೆಯವರ ಕಾಲಡಿಯಲ್ಲಿ ಓಡಿ ಮುರಿಯದೆ ಉಳಿದ ವಿನ್ಯಾಸವನ್ನು ಬಿಟ್ಟು ತಾನೇ ಒಂದನ್ನು ಮಾಡಹೊರಡುವವನು ಧೈರ್ಯಸ್ಥನಲ್ಲ, ಅವಿವೇಕಿ.

ಆದರೆ ಎರವಲು ಬಂದ ಭಾಗ ಬರಿಗೈಯಲ್ಲಿ ಬರುವುದಿಲ್ಲ. ತನ್ನ ಹಳೆಯ ಕಾರಿನ ತೂಕ, ಅಗಲ, ಚಕ್ರದ ಅಳತೆ, ಸ್ಟಿಯರಿಂಗಿನ ಎತ್ತರ ಎಲ್ಲವನ್ನೂ ಲೆಕ್ಕದ ರೂಪದಲ್ಲಿ ಮೈಯಲ್ಲಿ ಹೊತ್ತು ತರುತ್ತದೆ. ಹೊಸ ಮನೆಯಲ್ಲಿ ಆ ಲೆಕ್ಕ ಹೊಂದದಿದ್ದರೆ ಭಾಗ ದೂರು ಹೇಳುವುದಿಲ್ಲ. ತನ್ನ ಹಳೆಯ ಕಾರಿಗೆ ಸರಿಯಾದುದನ್ನೇ ಇಲ್ಲಿಯೂ ಮಾಡುತ್ತ ಹೋಗುತ್ತದೆ. (ಹೊರನಾಡ ಕನ್ನಡಿಗರ ಬಳಗದಲ್ಲಿ ಇಂಥ ಮಾತು ಬಂದ ಕೂಡಲೇ ಯಾರಾದರೊಬ್ಬರು ನಮ್ಮೆಲ್ಲರ ಬದುಕಿನ ರೂಪಕವನ್ನು ಅದರಲ್ಲಿ ಕಾಣುತ್ತಾರೆ. ನನ್ನ ಮಟ್ಟಿಗೆ ಅಪ್‌ರೈಟ್ ಅಪ್‌ರೈಟೇ. ದಯವಿಟ್ಟು ಹಾಗೆಯೇ ಓದಿಕೊಳ್ಳಬೇಕು.)

ಇದೆಲ್ಲ ನನಗೆ ಕಾಗದದ ಮೇಲಿನ ವಿಷಯವಾಗಿಯೇ ಉಳಿಯುತ್ತಿತ್ತೇನೋ. ಆದರೆ ನಿವೃತ್ತನಾದ ಮೇಲೆ, 2014ರ ಬೇಸಿಗೆಯಲ್ಲಿ, ನಾನೂ ನನ್ನ ಪತ್ನಿಯೂ ಇಂಗ್ಲೆಂಡಿನ ಕವೆಂಟ್ರಿಯ ಹತ್ತಿರವಿರುವ ಮಗಳ ಮನೆಗೆ ಮೂರು ತಿಂಗಳಿಗೆಂದು ಹೋದೆವು. ಅಳಿಯಂದಿರು ದಾವಣಗೆರೆಯವರು, ಉದ್ಯೋಗ ಸಾಫ್ಟ್‌ವೇರಿನದು. ಅವರ ಗ್ಯಾರೇಜಿನಲ್ಲಿ ಒಂದು ಕಾರಿನ ಪಂಜರ ನಿಂತಿತ್ತು. ಎರಡು ವರ್ಷದ ಶನಿವಾರಗಳನ್ನೆಲ್ಲ ಅದು ನುಂಗಿತ್ತೆಂದು ಮಗಳು ಫೋನಿನಲ್ಲಿ ದೂರುತ್ತಿದ್ದುದು ಇದನ್ನೇ.

ಅಲ್ಲಿ ಇದು ಅಪರೂಪದ ಹುಚ್ಚಲ್ಲ. ರಾನ್ ಚಾಂಪಿಯನ್ ಎಂಬ ಶಾಲಾ ಶಿಕ್ಷಕರು 1996ರಲ್ಲಿ, ಬರಿಯ 250 ಪೌಂಡಿನಲ್ಲಿ ಸ್ಪೋರ್ಟ್ಸ್ ಕಾರು ಕಟ್ಟುವುದು ಹೇಗೆಂದು ಒಂದು ಪುಸ್ತಕ ಬರೆದರು. ಸೆವೆನ್ ಮಾದರಿಯ ಪಂಜರಕ್ಕೆ ಹಳೆಯ ಫೋರ್ಡ್ ಕಾರುಗಳ ಅಂಗಾಂಗ ಜೋಡಿಸುವ ವಿಧಾನ ಅದು. ಸಾವಿರಾರು ಗ್ಯಾರೇಜುಗಳಲ್ಲಿ ಬೆಸುಗೆಯ ಕಿಡಿ ಹಾರಿತು. ಕಾಲಕ್ರಮದಲ್ಲಿ ಆ ಹಳೆಯ ಫೋರ್ಡುಗಳೇ ಅಪರೂಪವಾದವು. ಜನರ ಕಣ್ಣು ಮಾಜ್ದಾ ಎಂಎಕ್ಸ್-5 ಕಡೆ ತಿರುಗಿತು. 1989ರಲ್ಲಿ ಜಗತ್ತಿಗೆ ಬಂದ ಈ ಪುಟ್ಟ ಜಪಾನೀ ಸ್ಪೋರ್ಟ್ಸ್ ಕಾರಿಗೆ ನಾಲ್ಕು ಚಕ್ರಕ್ಕೂ ಜೋಡಿ ವಿಶ್‌ಬೋನ್ ತೋಳುಗಳಿವೆ. ಎಂಜಿನ್ ಮುಂದೆ, ಚಾಲನೆ ಹಿಂಚಕ್ರಕ್ಕೆ. ಚಳಿಗಾಲದಲ್ಲಿ ರಸ್ತೆಗೆ ಎರಚುವ ಉಪ್ಪು ಅದರ ಹೊರಮೈಯನ್ನು ತಿಂದುಹಾಕಿದರೂ ಒಳಗಿನ ಯಂತ್ರಭಾಗಗಳು ಗಟ್ಟಿಮುಟ್ಟಾಗಿಯೇ ಇರುತ್ತವೆ. ಅಂಥ ತುಕ್ಕು ಹಿಡಿದ ಒಂದನ್ನು ಕೊಂಡು, ಬಿಚ್ಚಿ, ಅದರ ಎಂಜಿನ್, ಅಪ್‌ರೈಟ್, ಬ್ರೇಕು, ಸ್ಟಿಯರಿಂಗನ್ನು ಅಳಿಯಂದಿರು ತಮ್ಮ ಪಂಜರಕ್ಕೆ ತೊಡಿಸಿದ್ದರು.

ಬೆಸುಗೆ ನೋಡಿ ನನಗೆ ನಿಜಕ್ಕೂ ಆಶ್ಚರ್ಯವಾಯಿತು. ಕೀಬೋರ್ಡು ಕುಟ್ಟುವ ಕೈಯ ಕೆಲಸವೆಂದು ಯಾರೂ ನಂಬರು. ಒಂದೇ ಅಗಲದ, ಮೀನಿನ ಹುರುಪೆಯಂತೆ ಸಾಲಾಗಿ ಬಿದ್ದ ಬೆಸುಗೆ. ಮೆಚ್ಚಿ ಹೇಳಿದೆ. ಹೇಳುತ್ತಲೇ ಬಗ್ಗಿ ಮುಂಭಾಗ ನೋಡಿದೆ. ಸ್ಟಿಯರಿಂಗಿನ ರ‍್ಯಾಕ್ ಎತ್ತರದಲ್ಲಿ ಕೂತಿತ್ತು.

ಇದನ್ನು ಸ್ವಲ್ಪ ವಿವರಿಸಬೇಕು. ಚಕ್ರವನ್ನು ಮೂರು ಕೊಂಡಿಗಳು ಹಿಡಿದಿರುತ್ತವೆ: ಮೇಲಿನ ತೋಳು, ಕೆಳಗಿನ ತೋಳು, ಮತ್ತು ಸ್ಟಿಯರಿಂಗ್ ರ‍್ಯಾಕಿನಿಂದ ಬರುವ ಟೈ ರಾಡ್. ರಸ್ತೆಯ ಉಬ್ಬಿಗೆ ಚಕ್ರ ಏರಿದಾಗ ಮೂರೂ ತಂತಮ್ಮ ಕಮಾನಿನಲ್ಲಿ ತೂಗುತ್ತವೆ. ಟೈ ರಾಡ್ ಸರಿಯಾದ ಎತ್ತರದಲ್ಲಿ, ಸರಿಯಾದ ಉದ್ದದಲ್ಲಿ ಇದ್ದರೆ ಮೂರು ಕಮಾನುಗಳೂ ಹೊಂದಿಕೊಂಡು ಚಕ್ರ ನೇರವಾಗಿ ಮೇಲೇರಿ ನೇರವಾಗಿ ಇಳಿಯುತ್ತದೆ. ಇಲ್ಲವಾದರೆ ಟೈ ರಾಡ್ ಚಕ್ರದ ಮೂತಿಯನ್ನು ದೂಡುತ್ತದೆ ಅಥವಾ ಎಳೆಯುತ್ತದೆ. ಸವಾರ ಸ್ಟಿಯರಿಂಗನ್ನು ಅಲುಗಿಸದೆ ಇದ್ದರೂ ಚಕ್ರ ತಾನಾಗಿ ತಿರುಗುತ್ತದೆ. ಇದಕ್ಕೆ ಬಂಪ್ ಸ್ಟಿಯರ್ ಎಂದು ಹೆಸರು. ಊರೊಳಗೆ ಮೂವತ್ತರ ವೇಗದಲ್ಲಿ ಇದು ತಿಳಿಯುವುದೇ ಇಲ್ಲ. ನೂರರ ವೇಗದಲ್ಲಿ, ತಿರುವಿನ ನಡುವೆ, ಒಂದೇ ಚಕ್ರ ಗುಂಡಿಗೆ ಇಳಿದು ಎದ್ದಾಗ ತಿಳಿಯುತ್ತದೆ. ಆಗ ತಿಳಿದು ಪ್ರಯೋಜನವಿಲ್ಲ.

ಹೀಗಾದ ಬಗೆಯನ್ನು ಅಳಿಯಂದಿರ ಮೇಜಿನ ಮೇಲಿದ್ದ ನಕ್ಷೆಯೇ ಹೇಳಿತು. ಪಂಜರದ ನಕ್ಷೆ ಫೋರ್ಡ್ ಅಪ್‌ರೈಟಿಗಾಗಿ ಬರೆದದ್ದು. ತೋಳುಗಳ ಕೊನೆಗಳನ್ನು ಅವರು ಮಾಜ್ದಾ ಅಪ್‌ರೈಟಿಗೆ ತಕ್ಕಂತೆ ಬದಲಿಸಿಕೊಂಡಿದ್ದರು. ಆದರೆ ಸ್ಟಿಯರಿಂಗಿನ ತೋಳು ಎರಡರಲ್ಲೂ ಒಂದೇ ಎತ್ತರದಲ್ಲಿಲ್ಲ. ರ‍್ಯಾಕಿನ ಆಸರೆ ಮಾತ್ರ ನಕ್ಷೆಯಲ್ಲಿದ್ದ ಜಾಗದಲ್ಲಿಯೇ ಬೆಸುಗೆಯಾಗಿ ಕೂತಿತ್ತು. ಒಂದು ಮನೆಯ ಮೂಳೆಗೆ ಇನ್ನೊಂದು ಮನೆಯ ನರ.

ಈಗ ನನ್ನ ಸಂಕಟ ಯಂತ್ರದ್ದಾಗಿ ಉಳಿಯಲಿಲ್ಲ. ನಮ್ಮ ಮನೆಯಲ್ಲಿ ಅಳಿಯನನ್ನು ಏಕವಚನದಲ್ಲಿ ಕರೆದ ರೂಢಿಯಿಲ್ಲ. ಅವರೂ ನನ್ನೆದುರು ಕಾಲ ಮೇಲೆ ಕಾಲು ಹಾಕಿ ಕೂತವರಲ್ಲ. ಮದುವೆಯಾಗಿ ಆರು ವರ್ಷದಲ್ಲಿ ನಮ್ಮಿಬ್ಬರ ನಡುವೆ ಊಟ, ಹವಾಮಾನ, ಕ್ರಿಕೆಟ್ಟು ಬಿಟ್ಟರೆ ಮಾತು ಬೆಳೆದದ್ದೇ ಕಡಿಮೆ. ಅವರ ಅನ್ನ ಉಣ್ಣುತ್ತ, ಅವರ ಎರಡು ವರ್ಷದ ಕೆಲಸಕ್ಕೆ ಕೊಂಕು ತೆಗೆಯುವುದು ಹೇಗೆ? ರಾತ್ರಿ ಪತ್ನಿಗೆ ಹೇಳಿದೆ. “ನಿಮ್ಮ ಕಾರ್ಖಾನೆ ಮದರಾಸಿನಲ್ಲೇ ಬಿಟ್ಟು ಬಂದಿದ್ದೀರಿ ಅಂದುಕೊಂಡಿದ್ದೆ. ಅವರೇನೂ ನಿಮ್ಮನ್ನು ಕೇಳಲಿಲ್ಲವಲ್ಲ” ಎಂದಳು. ನ್ಯಾಯವಾದ ಮಾತು. ಮೂರು ದಿನ ಸುಮ್ಮನಿದ್ದೆ. ನಾಲ್ಕನೆಯ ದಿನ ಮಗಳು ಮಹಡಿಯಿಂದ ಒಂದು ಆಸನವನ್ನು ಹೊತ್ತುಕೊಂಡು ಬಂದಳು. ಪಕ್ಕದ ಸವಾರರ ಆಸನ. ಕೆಂಪು ಹೊದಿಕೆಯನ್ನು ಅವಳೇ ಹೊಲಿದಿದ್ದಳು. “ಅಪ್ಪ, ಇದು ನನ್ನ ಸೀಟು” ಎಂದಳು.

ಆ ಶನಿವಾರ ಅಳಿಯಂದಿರಿಗೆ ಕೇಳಿದೆ: “ನಿಮ್ಮ ಅಭ್ಯಂತರವಿಲ್ಲದಿದ್ದರೆ ಒಂದು ಅಳತೆ ತೆಗೆದು ನೋಡೋಣವೇ?”

“ಅಭ್ಯಂತರ ಏನು ಮಾವ, ಹೇಳಿ, ಏನು ಬೇಕು?” ಎಂದರು.

ಬೇಕಾದದ್ದು ಹೆಚ್ಚೇನಿಲ್ಲ. ಸ್ಪ್ರಿಂಗನ್ನು ಕಳಚಿದೆವು. ಚಕ್ರದ ಬದಲು ಹಬ್ಬಿಗೆ ಒಂದು ನೇರವಾದ ಪ್ಲೈವುಡ್ ಹಲಗೆ ಬಿಗಿದೆವು. ಹಲಗೆಯ ಮುಂದಂಚಿಗೊಂದು ಹಿಂದಂಚಿಗೊಂದು ಡಯಲ್ ಗೇಜ್ ತಾಗಿಸಿ, ಕೆಳಗೆ ಜಾಕ್ ಇಟ್ಟು ಹತ್ತು ಹತ್ತು ಮಿಲಿಮೀಟರು ಏರಿಸುತ್ತ ಹೋದೆವು. ನಾನು ಓದುವುದು, ಅವರು ಬರೆಯುವುದು ಎಂದು ಮೊದಲು ಅಂದುಕೊಂಡಿದ್ದೆವು. ನಾನು ಬೇಕೆಂದೇ ಕನ್ನಡಕ ಮಸುಕಾಗಿದೆಯೆಂದು ನೆಪ ಹೇಳಿ ಓದುವುದನ್ನು ಅವರಿಗೆ ಬಿಟ್ಟೆ. 50 ಮಿಲಿಮೀಟರು ಏರುವ ಹೊತ್ತಿಗೆ ಹಲಗೆಯ ಎರಡು ಅಂಚುಗಳ ನಡುವೆ 9 ಮಿಲಿಮೀಟರು ವ್ಯತ್ಯಾಸ ಬಂದಿತ್ತು. ಒಂದೂವರೆ ಡಿಗ್ರಿ. ಸ್ಟಿಯರಿಂಗ್ ಚಕ್ರಕ್ಕೆ ಹಗ್ಗ ಕಟ್ಟಿ ಅಲುಗದಂತೆ ಮಾಡಿದ್ದೆವು. ಆದರೂ ಮುಂಚಕ್ರ ಹೊರಕ್ಕೆ ತಿರುಗಿತ್ತು.

ಅವರು ಮತ್ತೆ ಮೊದಲಿನಿಂದ ಅಳೆದರು. ಅದೇ ಉತ್ತರ ಬಂತು. ಒಂದು ನಿಮಿಷ ಜಾಕಿನ ಹಿಡಿ ಹಿಡಿದುಕೊಂಡೇ ಕೂತಿದ್ದು, “ನೀವು ಬಂದ ದಿನವೇ ನೋಡಿದಿರಿ, ಅಲ್ಲವೇ ಮಾವ?” ಎಂದರು. ಹೌದೆಂದೆ. “ಅಂದೇ ಹೇಳಬೇಕಿತ್ತು” ಎಂದರು, ದನಿಯಲ್ಲಿ ಸಿಟ್ಟಿರಲಿಲ್ಲ. ಒಳಗೆ ಹೋಗಿ ಎರಡು ಲೋಟ ಕಾಫಿ ತಂದರು. ಆಮೇಲೆ ಗರಗಸದ ಯಂತ್ರವನ್ನು ಕೈಗೆತ್ತಿಕೊಂಡರು.

ರ‍್ಯಾಕನ್ನು 18 ಮಿಲಿಮೀಟರು ಇಳಿಸಬೇಕು. ಅಷ್ಟೇ. ಆದರೆ ಆ 18 ಮಿಲಿಮೀಟರಿಗೆ ಅಡ್ಡವಾಗಿ ಪಂಜರದ ಒಂದು ಕೊಳವೆಯಿತ್ತು. ಅದನ್ನು ಕತ್ತರಿಸಿ ತಗ್ಗಿಸಿದರೆ ಮುಂಭಾಗದ ಬಿಗುವು ಕಡಿಮೆಯಾಗುತ್ತದೆ. ಅದಕ್ಕೊಂದು ಮೂಲೆಯಾಸರೆ ಬೇಕು. ಮೂಲೆಯಾಸರೆ ಕೊಟ್ಟರೆ ರೇಡಿಯೇಟರಿನ ಕೆಳಗಿನ ರಬ್ಬರು ಕೊಳವೆಗೆ ಹಾದಿಯಿಲ್ಲ. ಒಂದೊಂದಾಗಿ ಬಿಡಿಸಲು ಆರು ವಾರ ಬೇಕಾಯಿತು. ಕೊನೆಗೆ ಹಲಗೆ ಕಟ್ಟಿ ಅಳೆದಾಗ ವ್ಯತ್ಯಾಸ ಅರ್ಧ ಮಿಲಿಮೀಟರಿಗಿಂತ ಕಡಿಮೆ.

ಅಲ್ಲಿಗೂ ಮುಗಿಯಲಿಲ್ಲ. ಬ್ರಿಟನ್ನಿನಲ್ಲಿ ಮನೆಯಲ್ಲಿ ಕಟ್ಟಿದ ಕಾರು ರಸ್ತೆಗಿಳಿಯಬೇಕಾದರೆ ಬಿಡಿ ವಾಹನಗಳ ಅನುಮೋದನೆ ಎಂಬ ಪರೀಕ್ಷೆಯಿದೆ. ಅದರಲ್ಲಿ ಒಂದು ಅಂಶ, ಓಡುವ ಕಾರಿನ ಸ್ಟಿಯರಿಂಗನ್ನು ತಿರುಗಿಸಿ ಕೈಬಿಟ್ಟರೆ ಅದು ತಾನಾಗಿ ನೇರಕ್ಕೆ ಮರಳುವ ಒಲವು ತೋರಬೇಕೆಂಬುದು. ಹಗುರ ಕಾರುಗಳು ಎಡವುವ ಜಾಗವಿದು. ಮರಳುವ ಬಲ ಬಹುಮಟ್ಟಿಗೆ ಮುಂಚಕ್ರದ ಮೇಲಿನ ಭಾರದಿಂದಲೂ ಅಪ್‌ರೈಟ್ ಹಿಂದಕ್ಕೆ ಓರೆಯಾಗಿ ನಿಂತ ಕೋನದಿಂದಲೂ ಹುಟ್ಟುತ್ತದೆ; ಆ ಕೋನಕ್ಕೆ ಕ್ಯಾಸ್ಟರ್ ಎನ್ನುತ್ತಾರೆ. ಎಂಎಕ್ಸ್-5 ಸುಮಾರು 950 ಕಿಲೋ, ಅಳಿಯಂದಿರ ಕಾರು 600. ಭಾರ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಇಳಿದ ಮೇಲೆ ಹಳೆಯ ಕೋನ ಸಾಲದು. ಮೇಲಿನ ತೋಳನ್ನು ತೆಳುಬಿಲ್ಲೆಗಳಿಂದ ಹಿಂದಕ್ಕೆ ಸರಿಸಿ ಕ್ಯಾಸ್ಟರನ್ನು ಒಂದೂವರೆ ಡಿಗ್ರಿ ಹೆಚ್ಚಿಸಿದೆವು. ಹೆಚ್ಚಿಸಿದ ಕೂಡಲೇ ಅಪ್‌ರೈಟಿನೊಡನೆ ಅದರ ಸ್ಟಿಯರಿಂಗ್ ತೋಳಿನ ತುದಿಯೂ 3 ಮಿಲಿಮೀಟರು ಮೇಲೇರಿತು. ಮತ್ತೆ ಹಲಗೆ, ಮತ್ತೆ ಗೇಜು, ಮತ್ತೆ ರ‍್ಯಾಕ್. ಈ ಸಲ ಅಳಿಯಂದಿರೇ ನನಗಿಂತ ಮೊದಲು ಹೇಳಿದರು, ಇದು ಏರುತ್ತದೆ ಮಾವ, ಎಂದು. ಆ ಒಂದು ವಾಕ್ಯಕ್ಕೆ ನನಗಾದ ಸಂತೋಷವನ್ನು ಇಲ್ಲಿ ಬರೆಯಲಾರೆ.

ಸ್ಪ್ರಿಂಗಿನ ಲೆಕ್ಕವನ್ನು ಊಟದ ಮೇಜಿನ ಮೇಲೆ, ಹಾಲಿನ ಬಿಲ್ಲಿನ ಹಿಂಬದಿಯಲ್ಲಿ ಮಾಡಿದ್ದು. ಎಂಎಕ್ಸ್-5ರಲ್ಲಿ ಒಂದು ಮೂಲೆಯ ಸ್ಪ್ರಿಂಗ್ ಹೊರುವ ಮೈಭಾರ ಸುಮಾರು 210 ಕಿಲೋ. ಅದರ ಕೆಳಗೆ ಕುಣಿಯುವ ಚಕ್ರ, ಹಬ್, ಬ್ರೇಕುಗಳದು ಸುಮಾರು 30. ಏಳಕ್ಕೆ ಒಂದು. ಹೊಸ ಕಾರಿನಲ್ಲಿ ಮೈಭಾರ 120ಕ್ಕೆ ಇಳಿಯಿತು. ಚಕ್ರ, ಬ್ರೇಕು ಎರವಲು ತಂದವೇ ಆದ್ದರಿಂದ 30 ಹಾಗೆಯೇ ಉಳಿಯಿತು. ನಾಲ್ಕಕ್ಕೆ ಒಂದು. ಹಗುರವಾದಷ್ಟೂ ಕಾರು ಸುಖವಾಗಿ ತೇಲುತ್ತದೆ ಎಂದು ಸಾಮಾನ್ಯವಾಗಿ ಜನ ತಿಳಿಯುತ್ತಾರೆ, ನಿಜ ತಿರುವುಮುರುವು. ಚಕ್ರದ ಕುಣಿತವನ್ನು ಅಡಗಿಸುವ ಭಾರ ಮೇಲಿಲ್ಲದಿದ್ದರೆ ಪ್ರತಿ ಹೊಡೆತವೂ ಸವಾರನ ಬೆನ್ನಿಗೆ. ಹಳೆಯ ಸ್ಪ್ರಿಂಗನ್ನೇ ಉಳಿಸಿದ್ದರೆ ಮೈ ತೂಗುವ ವೇಗ ಮೊದಲಿನ 1.3 ಪಟ್ಟು ಆಗುತ್ತಿತ್ತು, ಡ್ಯಾಂಪರು ಅಷ್ಟೇ ಪಟ್ಟು ಬಿಗಿಯಾಗುತ್ತಿತ್ತು. ಮೃದುವಾದ ಸ್ಪ್ರಿಂಗು, ಬಿಗಿ ಹೊಂದಿಸಬಹುದಾದ ಡ್ಯಾಂಪರು ತರಿಸಿದೆವು. 30 ಕಿಲೋವನ್ನು ಮಾತ್ರ ಏನೂ ಮಾಡಲಾಗಲಿಲ್ಲ. ಅದು ಎರವಲಿನ ಬಡ್ಡಿ.

ನಾವು ಹಿಂತಿರುಗಿದ ಮೇಲೆ, ಮುಂದಿನ ವಸಂತದಲ್ಲಿ, ಕಾರು ಪರೀಕ್ಷೆಗೆ ಹೋಯಿತು. ಮೊದಲ ಸಲ ವಾಪಸು ಬಂತು. ನಾನು ಫೋನು ಹಿಡಿದು ಉಸಿರು ಬಿಗಿಹಿಡಿದಿದ್ದೆ. ಕಾರಣ ಕೇಳಿದರೆ, ಹೊರಗೆ ಕಾಣುವ ತೋಳುಗಳ ನಾಲ್ಕು ನಟ್‌ಗಳಿಗೆ ಪ್ಲಾಸ್ಟಿಕ್ ಟೊಪ್ಪಿಗೆಯಿಲ್ಲ, ಅಂಚು ಚೂಪಾಗಿದೆ, ದಾರಿಹೋಕರಿಗೆ ತಗುಲಿದರೆ ಗಾಯವಾದೀತು ಎಂದು. ಸ್ಟಿಯರಿಂಗನ್ನು ಪರೀಕ್ಷಕರು ಎರಡು ಸಲ ತಿರುಗಿಸಿ ಬಿಟ್ಟರಂತೆ, ಎರಡು ಸಲವೂ ಅದು ಮರಳಿತಂತೆ, ಅವರು ಏನೂ ಹೇಳದೆ ಹಾಳೆಯಲ್ಲಿ ಗುರುತು ಹಾಕಿದರಂತೆ. ಟೊಪ್ಪಿಗೆ ತೊಡಿಸಿಕೊಂಡು ಎರಡನೆಯ ಸಲ ಹೋದಾಗ ಪಾಸು.

ನೋಂದಣಿ ಫಲಕ ಬಂದದ್ದು ಕ್ಯೂ ಅಕ್ಷರದಿಂದ ಆರಂಭವಾಗುವಂಥದು. ಭಾಗಗಳು ಬೇರೆ ಬೇರೆ ಕಾಲದವಾಗಿದ್ದು, ಒಟ್ಟು ವಾಹನದ ವಯಸ್ಸನ್ನು ಖಚಿತವಾಗಿ ಹೇಳಲಾಗದಿದ್ದರೆ ಅಲ್ಲಿ ಆ ಅಕ್ಷರ ಕೊಡುತ್ತಾರೆ. ಅಳಿಯಂದಿರಿಗೆ ತುಸು ಬೇಸರವಾಗಿತ್ತು. ನಾನು ಹೇಳಿದೆ, ನಮ್ಮ ತಲೆಮಾರಿನಲ್ಲಿ ಅರ್ಧ ಜನರ ಹುಟ್ಟಿದ ದಿನವನ್ನು ಶಾಲೆಗೆ ಸೇರಿಸುವಾಗ ಮೇಷ್ಟ್ರು ತಮಗೆ ತೋಚಿದಂತೆ ಬರೆದುಕೊಂಡದ್ದು. ನಾವೇನು ಓಡಲಿಲ್ಲವೇ ಎಂದು.

ಕಳೆದ ಭಾನುವಾರ ಮಗಳು ಫೋನು ಮಾಡಿದ್ದಳು. ಅವಳ ಕೆಂಪು ಸೀಟಿನಲ್ಲಿ ಕೂತು ವೇಲ್ಸಿನ ಬೆಟ್ಟಗಳವರೆಗೆ ಹೋಗಿಬಂದರಂತೆ. “ಅಪ್ಪ, ರಸ್ತೆಯ ಒಂದೊಂದು ಕಲ್ಲೂ ಲೆಕ್ಕ ಸಿಗುತ್ತೆ” ಎಂದಳು. ಫೋನನ್ನು ಅಳಿಯಂದಿರಿಗೆ ಕೊಡಲು ಹೇಳಿ, ಹಿಂದಿನ ಡ್ಯಾಂಪರುಗಳನ್ನು ಎರಡು ಗುರುತು ಸಡಿಲಿಸಿ ನೋಡಿ ಎಂದೆ. ಮೂರು ಸಡಿಲಿಸಿ ಆಗಿದೆ ಮಾವ, ಎರಡಕ್ಕೆ ಸಾಲಲಿಲ್ಲ, ಎಂದರು.